ಎರಡು ಫೈಲುಗಳ ನಡುವಿನ ಸೋಮವಾರ

ಚಾಮರಾಜನಗರದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ನನಗೆ ಒಪ್ಪಿಸಿದ್ದು ಒಂದು ಫೈಲು. ಎರಡನೆಯ ದಿನ ಗೊತ್ತಾಯಿತು, ಅದೇ ಫೈಲು ಗುಂಡ್ಲುಪೇಟೆಯಲ್ಲಿ ಇನ್ನೊಂದಿದೆ ಎಂದು. ಮೂರನೆಯ ದಿನ ಶುರುವಾದ ತಲೆಬಿಸಿ ಇನ್ನೂ ಪೂರ್ತಿ ಇಳಿದಿಲ್ಲ.

ಅರಿಶಿನ ಬೆಳೆಯುವವರು ಸೇರಿ ಕಟ್ಟಿಕೊಂಡ ಸಣ್ಣ ಕೂಟ ನಮ್ಮದು. ಕೂಟದ ಹತ್ತಿರ ಅರಿಶಿನ ಬೇಯಿಸುವ ಯಂತ್ರಗಳು ಮೂರು ಇದ್ದವು. ಚಕ್ರದ ಮೇಲೆ ಕೂರಿಸಿದ ದೊಡ್ಡ ಬಾಯ್ಲರು, ಪಕ್ಕದಲ್ಲಿ ಡ್ರಮ್ಮುಗಳು; ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದವು. ನೆಲದಿಂದ ಅಗೆದ ಅರಿಶಿನವನ್ನು ಬಹಳ ದಿನ ಹಾಗೇ ಬಿಡುವಂತಿಲ್ಲ, ಬೇಯಿಸಿ ಒಣಗಿಸಬೇಕು. ಆದ್ದರಿಂದ ಸುಗ್ಗಿಯಲ್ಲಿ ಯಂತ್ರ ಯಾವತ್ತು ಯಾರ ಕಣಕ್ಕೆ ಬರುತ್ತದೆ ಎನ್ನುವುದೇ ಎಲ್ಲರ ಬಾಯಲ್ಲಿದ್ದ ಪ್ರಶ್ನೆ. ಬೇಕಾದವರು ಫೋನಿನಿಂದ ಒಂದು ಸಾಲಿನ ಮೆಸೇಜು ಹಾಕಬೇಕಿತ್ತು: ಊರು, ಎಷ್ಟು ಚೀಲ, ಯಾವ ವಾರ, ಅಂದರೆ ಯಾವ ದಿನ. ಅಷ್ಟೇ.

ಆ ಒಂದು ಸಾಲನ್ನು ಬಿಡಿಸಿ ಓದುವುದು ಪ್ರೋಗ್ರಾಮಿನ ಕೆಲಸ. ಹೇಗೆ ಬಿಡಿಸಬೇಕೆಂದು ಅದಕ್ಕೆ ಹೇಳಿಕೊಡುವ ನಿಯಮಗಳ ಪಟ್ಟಿಯೇ ನನಗೆ ಒಪ್ಪಿಸಿದ ಫೈಲು. ನಮ್ಮ ಕಸುಬಿನಲ್ಲಿ ಅದನ್ನು ಗ್ರಾಮರ್ ಫೈಲು ಅನ್ನುತ್ತಾರೆ. ಶಾಲೆಯಲ್ಲಿ ಕಲಿತ ವ್ಯಾಕರಣಕ್ಕೂ ಅದಕ್ಕೂ ದೂರದ ನೆಂಟಸ್ತಿಕೆ. ಮೊದಲು ಬಂದದ್ದು ಊರು, ಆಮೇಲಿನ ಅಂಕಿ ಚೀಲದ ಲೆಕ್ಕ, ಕೊನೆಗೆ ವಾರ. ಊರು ಕೊನೆಗೆ ಬಂದರೂ ಒಪ್ಪಿಕೋ, ಚೀಲ ಅಂತ ಬರೆಯದೆ ಬರೀ ಅಂಕಿ ಹಾಕಿದರೂ ಒಪ್ಪಿಕೋ, ವಾರ ಹೇಳದಿದ್ದರೆ ತಿರುಗಿ ಕೇಳು. ಇಂಥವೇ ಸಾಲುಗಳು, ಪುಟಗಟ್ಟಲೆ.

ಚಾಮರಾಜನಗರದ ಆಫೀಸಿನಲ್ಲಿದ್ದ ಫೈಲು ಮೆಸೇಜನ್ನು ಓದಿ ರೈತರಿಗೆ ಉತ್ತರ ಕೊಡುತ್ತಿತ್ತು: ನಿಮ್ಮ ಸರದಿ ಇಂಥ ದಿನ, ಸೌದೆ ನೀರು ಹೊಂದಿಸಿಕೊಳ್ಳಿ. ಯಂತ್ರಗಳು ನಿಲ್ಲುತ್ತಿದ್ದದ್ದು ಗುಂಡ್ಲುಪೇಟೆಯ ಶೆಡ್ಡಿನಲ್ಲಿ. ಅಲ್ಲಿಯ ಕಂಪ್ಯೂಟರು ಅದೇ ಮೆಸೇಜನ್ನು ತನ್ನ ಫೈಲಿನ ಪ್ರಕಾರ ಇನ್ನೊಮ್ಮೆ ಓದಿ, ಡ್ರೈವರುಗಳಿಗೆ ದಿನದ ಪಟ್ಟಿ ತೆಗೆಯುತ್ತಿತ್ತು. ಎರಡೂ ಒಂದೇ ರೀತಿ ಓದಿದರೆ ಸರಿ. ಇಲ್ಲದಿದ್ದರೆ ರೈತರಿಗೆ ಒಂದು ದಿನ, ಡ್ರೈವರಿಗೆ ಇನ್ನೊಂದು ದಿನ.

ಒಂದೇ ಫೈಲು ಇಟ್ಟುಕೊಂಡು ಎರಡು ಕಡೆಯೂ ಅದನ್ನೇ ಓದಿಸಬಾರದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಎರಡು ಪ್ರೋಗ್ರಾಮುಗಳನ್ನು ಬರೆದವರು ಬೇರೆ ಬೇರೆ, ಬರೆದ ಕಾಲ ಬೇರೆ, ಬರೆದ ಭಾಷೆಯೂ ಬೇರೆ. ಬರೆದ ಇಬ್ಬರೂ ಬಿಟ್ಟುಹೋಗಿದ್ದರು. ನನ್ನ ಫೈಲಿನಲ್ಲಿ ಮೂರು ಸಾಲಿನಲ್ಲಿದ್ದ ನಿಯಮ ಅಲ್ಲಿ ಒಂದೇ ಸಾಲು. ನನ್ನಲ್ಲಿ ಮೇಲಿದ್ದದ್ದು ಅಲ್ಲಿ ಕೆಳಗೆ. ಎರಡು ಫೈಲುಗಳ ನಡುವಿನ ವ್ಯತ್ಯಾಸವನ್ನು ಕೆಂಪು ಮಾಡಿ ತೋರಿಸುವ ಸಾಧನ ಒಂದಿದೆ. ಇವೆರಡನ್ನು ಅದಕ್ಕೆ ಕೊಟ್ಟರೆ ಪರದೆ ಪೂರ್ತಿ ಕೆಂಪಗಾಗುತ್ತಿತ್ತು.

ನನ್ನ ಫೈಲಿನ ತಲೆಯ ಮೇಲೆ ಒಂದು ಸೂಚನೆ ಇತ್ತು: ‘ಇಲ್ಲಿ ಏನಾದರೂ ಬದಲಿಸಿದರೆ ಅಸಲು ಫೈಲಿನಲ್ಲೂ ಬದಲಿಸಿ.’ ಓಹೋ, ಅಸಲು ಗುಂಡ್ಲುಪೇಟೆಯಲ್ಲಿದೆ ಎಂದುಕೊಂಡು ತೆರಕಣಾಂಬಿ ಮೇಲಿನ ಬಸ್ಸು ಹಿಡಿದು ಹೋಗಿ ನೋಡಿದೆ. ಅಲ್ಲಿಯ ಫೈಲಿನ ತಲೆಯ ಮೇಲೂ ಅದೇ ಸೂಚನೆ, ಅಕ್ಷರ ಆಚೀಚೆಯಾಗದ ಹಾಗೆ. ಅಂದರೆ ಎರಡೂ ನಕಲು. ಅಸಲು ಎಲ್ಲೂ ಇಲ್ಲ. ಯಾರ ಮೇಲೆ ರೇಗಬೇಕೋ ತಿಳಿಯದೆ ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವರ ಹತ್ತಿರ ಚಿಲ್ಲರೆಗೆ ಜಗಳ ಆಡಿದೆ. ನನ್ನ ಕೋಪ ಯಾವಾಗಲೂ ಹೀಗೆಯೇ, ಸಲ್ಲದ ವಿಳಾಸಕ್ಕೆ ಹೋಗುತ್ತದೆ.

ಗುಂಡ್ಲುಪೇಟೆಯ ಫೈಲನ್ನು ನೋಡಿಕೊಳ್ಳುತ್ತಿದ್ದವರು ಅರವತ್ತರ ಹತ್ತಿರದ ಹಿರಿಯರು. ಹಿಂದೆ ಟೈಪಿಂಗ್ ಸ್ಕೂಲು ನಡೆಸಿದವರು. ಬೇಗೂರಿನ ಕಡೆ ಜಮೀನಿತ್ತು, ಹಣೆಯ ಮೇಲೆ ಮೂರೆಳೆ ವಿಭೂತಿ ಒಂದು ದಿನವೂ ತಪ್ಪುತ್ತಿರಲಿಲ್ಲ. ಪ್ರೋಗ್ರಾಮಿಂಗ್ ಕಲಿಯದಿದ್ದರೂ ಆ ಫೈಲನ್ನು ನೋಡಿ ನೋಡಿಯೇ ತಿದ್ದುವುದನ್ನು ಕಲಿತಿದ್ದರು. ನನಗಿಂತ ಮೂವತ್ತು ವರ್ಷಕ್ಕೆ ದೊಡ್ಡವರು, ನನ್ನನ್ನು ‘ಮೇಡಂ’ ಅನ್ನುತ್ತಿದ್ದರು. ನಾನು ‘ಸಾರ್’ ಅನ್ನುತ್ತಿದ್ದೆ. ಈ ಮೇಡಂ ಮತ್ತು ಸಾರ್ ಸೇರಿಯೇ ಮುಂದಿನ ಎಡವಟ್ಟನ್ನು ಮಾಡಿದ್ದು.

ನಮ್ಮ ಪದ್ಧತಿ ಹೀಗಿತ್ತು. ಪ್ರತಿ ಶನಿವಾರ ಇಬ್ಬರೂ ನಮ್ಮ ನಮ್ಮ ಫೈಲನ್ನು ಕಾಗದದ ಮೇಲೆ ತೆಗೆದು ಒಬ್ಬರದನ್ನು ಒಬ್ಬರಿಗೆ ಕಳಿಸುವುದು. ಆಮೇಲೆ ಫೋನಿನಲ್ಲಿ ಸಾಲು ಸಾಲಾಗಿ ಓದುವುದು. ನಾನು ಕಾಗದದ ಮೇಲೆ ಸ್ಕೇಲು ಇಟ್ಟುಕೊಂಡು, “ಚೀಲದ ನಿಯಮ ಸಾರ್, ಅಂಕಿ ಮೊದಲು” ಅನ್ನುವುದು. ಅವರು ಆ ಕಡೆಯಿಂದ ಹುಡುಕಿ ಹುಡುಕಿ, “ಅದ ಮೇಡಂ, ಅಂಕಿ ಮೊದ್ಲು, ಟಿಕ್ ಆಕ್ಬುಟ್ಟೆ” ಅನ್ನುವುದು. ಹೊರಗಿನವರು ಕೇಳಿದರೆ ನಗುತ್ತಿದ್ದರು. ಆದರೆ ಹೀಗೆ ಓದಿದ ವಾರಗಳಲ್ಲಿ ಒಂದು ಯಂತ್ರವೂ ದಾರಿ ತಪ್ಪಲಿಲ್ಲ.

ಒಂದು ಶನಿವಾರ ಅವರ ಮನೆಯಲ್ಲಿ ಮದುವೆ. ಓದುವ ಕಾರ್ಯಕ್ರಮ ನಡೆಯಲಿಲ್ಲ. ಮುಂಚಿನ ದಿನವೇ ಇಬ್ಬರೂ ಕಾಗದ ಕಳಿಸಿಕೊಂಡಾಗಿತ್ತು, ಅವರದನ್ನು ನಾನೊಬ್ಬಳೇ ಇಟ್ಟುಕೊಂಡು ನೋಡುತ್ತಾ ಹೋದೆ. ವಾರದ ನಿಯಮಕ್ಕೆ ಬಂದಾಗ ಸ್ಕೇಲು ನಿಂತಿತು. ಅವರ ಫೈಲಿನಲ್ಲಿ ಒಂದು ಸಾಲು ಹೆಚ್ಚಿತ್ತು: ಸೋಮವಾರ ಎಂದು ಕೇಳಿದರೆ ಮಂಗಳವಾರ ಎಂದು ತೆಗೆದುಕೋ. ನನ್ನಲ್ಲಿ ಅದು ಇರಲಿಲ್ಲ.

ಇದು ಯಾವಾಗ ಬಂತು? ನಾನೇ ಹಾಕುವುದನ್ನು ಮರೆತೆನೋ, ಅವರು ಹೊಸದಾಗಿ ಹಾಕಿದರೋ? ಹಳೆಯ ಕಾಗದಗಳನ್ನು ಹುಡುಕಿದರೆ ಆ ಪುಟದ ಮೇಲೆ ಯಾರೋ ಟೀ ಲೋಟ ಇಟ್ಟು ಅಕ್ಷರವೇ ಅಳಿಸಿಹೋಗಿತ್ತು. ಫೋನು ಮಾಡಿ ಕೇಳಬಹುದಿತ್ತು. ಆದರೆ ಮದುವೆ ಮನೆಗೆ ಫೋನು ಮಾಡಿ, ನಿಮ್ಮ ಸಾಲು ಸರಿಯೇ ಸಾರ್ ಅಂತ ಕೇಳುವುದು ಹೇಗೆ? ಯೋಚಿಸಿದೆ. ನಮ್ಮ ಕಡೆ ಶಿವನ ಒಕ್ಕಲಿನ ಬೇಸಾಯಗಾರರು ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಎತ್ತು ಹೋಗಿ ಟ್ರ್ಯಾಕ್ಟರು ಬಂದ ಮೇಲೂ ಎಷ್ಟೋ ಮನೆಗಳಲ್ಲಿ ಸೋಮವಾರ ಹೊಲದ ಕೆಲಸ ಇಲ್ಲ. ಅವರು ಜಮೀನಿದ್ದವರು, ಬೇಸಾಯ ಗೊತ್ತಿದ್ದವರು, ಗೊತ್ತಿದ್ದೇ ಹಾಕಿದ್ದಾರೆ. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಂಡು ಆ ಸಾಲನ್ನು ನನ್ನ ಫೈಲಿಗೂ ಸೇರಿಸಿದೆ. ದೊಡ್ಡ ಕೆಲಸ ಮಾಡಿದ ಹಾಗೆ ಬೀಗಿಕೊಂಡು ಮನೆಗೆ ಹೋದೆ.

ಅದಾದ ನಾಲ್ಕು ದಿನಕ್ಕೆ ಉಮ್ಮತ್ತೂರಿನಿಂದ ಅಕ್ಕನ ಮೆಸೇಜು ಬಂತು. ನನಗೂ ಅಕ್ಕನಿಗೂ ಹತ್ತು ವರ್ಷದ ಅಂತರ. ನಮ್ಮದು ಕೂಲಿ ಮಾಡಿ ಬದುಕಿದ ಮನೆ, ಹೊಲ ಅಂತ ಇರಲಿಲ್ಲ. ಆ ವರ್ಷ ಮೊದಲ ಸಲ ಅಕ್ಕ ಮುಕ್ಕಾಲು ಎಕರೆ ಗುತ್ತಿಗೆಗೆ ಹಿಡಿದು ಅರಿಶಿನ ಹಾಕಿದ್ದಳು. ಬಿತ್ತನೆಯ ಗಡ್ಡೆ ಹೊತ್ತು ತಂದದ್ದರಿಂದ ಹಿಡಿದು ಅಗೆಯುವವರೆಗೆ ಎಲ್ಲ ಅವಳೇ. ತನ್ನ ಹೆಸರಿನಲ್ಲಿ ಯಂತ್ರವೊಂದು ಬಂದು ತನ್ನ ಬಾಗಿಲಲ್ಲಿ ನಿಲ್ಲುತ್ತದೆ ಎನ್ನುವುದೇ ಅವಳಿಗೆ ಒಂದು ಸಂಭ್ರಮ. ‘ಉಮ್ಮತ್ತೂರು 14 ಚೀಲ ಸೋಮವಾರ’ ಎಂದು ಬರೆದಿದ್ದಳು. ನನ್ನ ಫೈಲು ಓದಿ, ನಿಮ್ಮ ಸರದಿ ಮಂಗಳವಾರ ಎಂದು ಉತ್ತರ ಕಳಿಸಿತು. ಐದು ನಿಮಿಷಕ್ಕೆ ಫೋನು.

“ಏನಮ್ಮಿ, ಮಂಗಳ್ವಾರ ಅಂತ ಬಂದದಲ್ಲ? ನಾ ಕೇಳಿದ್ದು ಸೋಮಾರ.”

“ಸೋಮವಾರ ಮಿಷಿನ್ ಬರಲ್ಲಕ್ಕ. ಅದು ರೂಲ್ಸು.”

“ಯಾರ್ ಮಾಡುದ್ರಮ್ಮಿ ಆ ರೂಲ್ಸ?”

“ಸೋಮಾರ ಯಾರೂ ಕೆಲ್ಸ ಮಾಡಲ್ವಲ್ಲಕ್ಕ, ಅದ್ಕೇ.”

ಅಕ್ಕ ಸುಮ್ಮನಾದಳು. ಫೋನು ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ, “ಆಯ್ತು ಬುಡು, ನೀ ಯೋಳ್ದಂಗೇ ಆಗ್ಲಿ. ಎಂಗಸ್ರಿಗೆಲ್ಲ ಯೋಳ್ಬುಡ್ತೀನಿ” ಅಂದಳು. ಓದಿದ ತಂಗಿ ಹೇಳಿದ ಮೇಲೆ ಮುಗಿಯಿತು ಅನ್ನುವ ಧಾಟಿ. ನಾನು ಆ ಮೌನಕ್ಕೆ ಅರ್ಥ ಹುಡುಕಲಿಲ್ಲ. ಮುಂದಿನ ಮೆಸೇಜು ನೋಡತೊಡಗಿದೆ. ಆ ಶನಿವಾರವೂ ಸುಗ್ಗಿಯ ಗಡಿಬಿಡಿಯಲ್ಲಿ ಫೋನಿನ ಓದು ತಪ್ಪಿತು.

ಸೋಮವಾರ ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುತ್ತಿದ್ದ ಹಾಗೇ ಅಕ್ಕನ ಫೋನು.

“ಮಿಷಿನ್ ಬಂದು ನಿಂತದಲ್ಲಮ್ಮಿ ಬಾಗ್ಲಲ್ಲಿ!”

ಓಡಿಹೋಗಿ ಪರದೆ ನೋಡಿದೆ. ಉಮ್ಮತ್ತೂರು, ಹದಿನಾಲ್ಕು ಚೀಲ, ಮಂಗಳವಾರ. “ಬಂದಿರಲ್ಲಕ್ಕ. ನಾಳೆ ಬರೋದು,” ಅಂದೆ.

“ಬಂದಿರಲ್ಲ ಅಂದ್ರೆ ಏನಮ್ಮಿ? ಡ್ರೈವರು ನಮ್ಮ ಜಗ್ಲಿ ಮ್ಯಾಲೆ ಕುಂತು ಟೀ ಕುಡೀತಾವ್ನೆ!”

ಆದರೂ ನಾನು ಇನ್ನೊಮ್ಮೆ ಪರದೆಯನ್ನೇ ನೋಡಿದೆ. ಕಣ್ಣೆದುರಿಗಿನ ಅಕ್ಷರ ನಂಬಬೇಕೋ, ಅಕ್ಕನ ಬಾಗಿಲಲ್ಲಿ ನಿಂತ ಬಾಯ್ಲರು ನಂಬಬೇಕೋ ತಿಳಿಯಲಿಲ್ಲ. ಡ್ರೈವರನ ಕೈಗೆ ಫೋನು ಕೊಡಿಸಿದೆ. “ನನ್ ಪಟ್ಟೀಲಿ ಸೋಮಾರ ಅಂತ್ಲೇ ಅದ ಮೇಡಂ. ಇಲ್ಲಿ ನೋಡುದ್ರೆ ಸೌದೆ ಒಡ್ದಿಲ್ಲ, ನೀರ್ ತುಂಬಿಲ್ಲ, ಒಬ್ಬಾಳೂ ಇಲ್ಲ. ಮಧ್ಯಾನಕ್ಕೆ ನಾನು ಸಂತೆಮರಳ್ಳಿ ಕಡೆ ಓಗ್ಬೇಕು” ಅಂದ. ಅವತ್ತು ಕೆಲಸಕ್ಕೆ ಬರಬೇಕಿದ್ದ ಹೆಂಗಸರನ್ನು ಅಕ್ಕ ಬೇಡವೆಂದು ಕಳಿಸಿಬಿಟ್ಟಿದ್ದಳು. ಒಬ್ಬಳು ಆಸ್ಪತ್ರೆಗೆ, ಇಬ್ಬರು ತವರಿಗೆ, ಮಿಕ್ಕವರು ತಮ್ಮ ತಮ್ಮ ಕೆಲಸಕ್ಕೆ ಹೋಗಿದ್ದರು. ಅಕ್ಕನೂ ಭಾವನೂ ಇಬ್ಬರೇ ಹದಿನಾಲ್ಕು ಚೀಲ ತುಂಬಿ, ಬೇಯಿಸಿ, ಇಳಿಸಿ ಹರಡುವುದು ಆಗುವ ಮಾತಲ್ಲ. ಯಂತ್ರ ಹೊರಟುಹೋಯಿತು. ಮಂಗಳವಾರ ಯಾವ ಯಂತ್ರವೂ ಬರಲಿಲ್ಲ. ಬಂದಿದ್ದರೂ ಪ್ರಯೋಜನವಿರಲಿಲ್ಲ, ಆ ಹೆಂಗಸರೆಲ್ಲ ಅವತ್ತು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗಿಯಾಗಿತ್ತು.

ಗುಂಡ್ಲುಪೇಟೆಗೆ ಫೋನು ಮಾಡಿದಾಗ ನನ್ನ ದನಿ ಏರಿತ್ತು. ಹಿರಿಯರು ಅನ್ನುವುದು ಮರೆತುಹೋಗಿತ್ತು. “ವಾರದ ನಿಯಮ ಓದಿ ಸಾರ್. ಸೋಮವಾರದ ಸಾಲು ಓದಿ.”

“ಸೋಮಾರುದ್ ಸಾಲು ಇಲ್ವಲ್ಲ ಮೇಡಂ. ತೆಗ್ದುಬುಟ್ನಲ್ಲ.”

“ತೆಗೆದ್ರಾ? ಯಾಕೆ?”

“ನಿಮ್ಮ ಕಾಗ್ದುದಲ್ಲಿ ಇರ್ನಿಲ್ಲ. ಮದ್ವೆ ಮುಗ್ಸಿ ಬಂದು ಶನಿವಾರ ಸಾಯಂಕಾಲ ನೋಡ್ದೆ. ಮೇಡಂನೋರು ಓದ್ದೋರು, ಬೇಡ ಅಂತ್ಲೇ ಬುಟ್ಟವ್ರೆ ಅಂತ ನಾನೂ ತೆಗ್ದೆ.”

“ನಿಮ್ಮ ಕಾಗದದಲ್ಲಿ ಇತ್ತಲ್ಲ ಸಾರ್! ನೀವು ತಿಳಿದವರು ಅಂತ ನಾನು ಅವತ್ತೇ ಬೆಳಿಗ್ಗೆ ಸೇರಿಸಿದೆ.”

ಸಾಲು ಇದ್ದವರು ತೆಗೆದಿದ್ದರು, ಇಲ್ಲದ ನಾನು ಸೇರಿಸಿದ್ದೆ. ಮೊದಲೂ ಬೇರೆ ಬೇರೆಯಾಗಿತ್ತು, ಈಗಲೂ ಬೇರೆ ಬೇರೆ, ಬರೀ ಜಾಗ ಅದಲುಬದಲು. ಕೊನೆಗೆ ಅವರು, “ಈಗ ಯಾರದ್ನ ಇಟ್ಕಳನ ಮೇಡಂ?” ಅಂದರು. ನನ್ನ ಬಾಯಿಂದ ಅಭ್ಯಾಸಬಲದಿಂದ, “ನಿಮ್ಮದೇ ಇರಲಿ ಸಾರ್” ಅಂತ ಬಂತು. ಅವರು, “ಛೆ ಛೆ, ನಿಮ್ದೇ ಇರ್ಲಿ” ಅಂದರು. ಇನ್ನೊಂದು ಕ್ಷಣ ಬಿಟ್ಟಿದ್ದರೆ ಇಬ್ಬರೂ ಫೋನಿಟ್ಟು ಮತ್ತೆ ಅದಲುಬದಲು ಮಾಡುತ್ತಿದ್ದೆವು. “ಯಾರೂ ಏನನ್ನೂ ಮುಟ್ಟಬೇಡಿ!” ಎಂದು ಕಿರುಚಿದೆ. ಆಫೀಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾಚಿಕೆಯಾಯಿತು.

ಆ ಸಾಲು ಯಾಕೆ ಹುಟ್ಟಿತೆಂದು ಆಮೇಲೆ ಕೇಳಿದೆ. ಮದುವೆಯ ವಾರವೇ ಬೇಗೂರಿನ ಆಚೆ ಒಂದು ಊರಿನಲ್ಲಿ ಡ್ರೈವರು ಸೋಮವಾರ ಯಂತ್ರ ತೆಗೆದುಕೊಂಡು ಹೋಗಿ ಬೈಸಿಕೊಂಡಿದ್ದನಂತೆ. ಆ ಊರಿನವರು ಸೋಮವಾರ ಕೇಳಿದ್ದರೇ ಅಂದರೆ ಇಲ್ಲ, ಭಾನುವಾರ ಕೇಳಿದ್ದರು, ಟ್ರ್ಯಾಕ್ಟರು ಕೆಟ್ಟು ಒಂದು ದಿನ ತಡವಾಗಿತ್ತು ಅಷ್ಟೇ. ಸೋಮವಾರ ಬೇಡದವರು ಸೋಮವಾರ ಎಂದು ಕೇಳುವುದೇ ಇಲ್ಲ. ಕೇಳುವವರು ಬೇಕೆಂದೇ ಕೇಳುತ್ತಾರೆ. ಇಷ್ಟು ಸರಳವಾದದ್ದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಫೋನಿನಲ್ಲಿ ಇಬ್ಬರೂ ಒಟ್ಟಿಗೆ, ಒಂದೇ ಹೊತ್ತಿಗೆ, ಬಾಯಿಬಿಟ್ಟು ಓದುತ್ತಾ ಎರಡು ಫೈಲಿನಲ್ಲೂ ಆ ಸಾಲು ಇಲ್ಲದಂತೆ ಮಾಡಿದೆವು. ಮುಂದಿನ ಸೋಮವಾರದ ಒಂದು ಯಂತ್ರವನ್ನು ಉಮ್ಮತ್ತೂರಿಗೆ ಹಾಕಿದೆವು. ಅದಕ್ಕೂ ಮುಂಚೆಯೇ ಕಳಿಸುತ್ತೇವೆ ಎಂದರೆ ಅಕ್ಕ ಬೇಡ ಅಂದಳು, ಸೋಮವಾರವೇ ಆಗಬೇಕು ಅಂದಳು. ಯಾಕೆಂದು ಕೇಳುವ ಮುಖ ನನಗಿರಲಿಲ್ಲ.

ಆ ಏಳು ದಿನ ನನಗೆ ಊಟ ಸೇರಲಿಲ್ಲ. ಆಫೀಸು ಮುಗಿದ ಮೇಲೆ ಬಸ್ಸು ಹತ್ತಿ ಉಮ್ಮತ್ತೂರಿಗೆ ಹೋಗಿ ರಾಶಿ ನೋಡಿ ಬರುತ್ತಿದ್ದೆ. ಅಕ್ಕ ಅರಿಶಿನದ ಸೋಗೆಯನ್ನೇ ರಾಶಿಯ ಮೇಲೆ ಹೊದಿಸಿ ನೆರಳು ಮಾಡಿದ್ದಳು. ನಾಲ್ಕನೆಯ ದಿನಕ್ಕೆ ತಳದಲ್ಲಿ ಕೈ ಹಾಕಿದರೆ ಬೆಚ್ಚಗಿತ್ತು. ಆರನೆಯ ದಿನ ಅಡಿಯ ಕೆಲವು ಕೊಂಬುಗಳು ಮೆತ್ತಗಾಗಿದ್ದವು. ಅಕ್ಕ ಒಂದೊಂದನ್ನೇ ಆರಿಸಿ ಪಕ್ಕಕ್ಕೆ ಎಸೆಯುತ್ತಿದ್ದಳು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಉಣ್ಕೊಂಡು ಓಗು” ಅನ್ನುತ್ತಿದ್ದಳು, ಅಷ್ಟೇ.

ಸೋಮವಾರ ಬಂತು. ನಾನು ರಜೆ ಹಾಕಿ ಮೊದಲ ಬಸ್ಸಿಗೆ ಹೋದೆ. ಹೋಗಿ ನೋಡಿದರೆ ಕಣದ ತುಂಬ ಹೆಂಗಸರು. ಸೀರೆ ಎತ್ತಿಕಟ್ಟಿ, ತಲೆಗೆ ಬಟ್ಟೆ ಸುತ್ತಿ, ಒಬ್ಬರು ಸೌದೆ, ಒಬ್ಬರು ನೀರು. ಎಲ್ಲರೂ ಮುಯ್ಯಾಳುಗಳು: ಇವತ್ತು ಇವಳ ಮನೆಗೆ ಅವರು, ಇನ್ನೊಂದು ದಿನ ಅವರ ಮನೆಗೆ ಇವಳು. ಯಂತ್ರ ಹೇಳಿದ ಹೊತ್ತಿಗೆ ಸರಿಯಾಗಿ ಬಂತು. ಅದರ ಹಿಂದೆಯೇ ಗುಂಡ್ಲುಪೇಟೆಯ ಹಿರಿಯರು ಸ್ಕೂಟರಿನಲ್ಲಿ ಬಂದಿಳಿದರು. ಎರಡು ಫೈಲೂ ಒಂದೇ ರೀತಿ ಓದಿದವೋ ಇಲ್ಲವೋ ಕಣ್ಣಾರೆ ನೋಡದೆ ಮನಸ್ಸು ತಡೆಯಲಿಲ್ಲವಂತೆ. ಜಗಲಿಯ ಮೇಲೆ ಚಾಪೆ ಹಾಕಿಕೊಟ್ಟೆ. ಸೋಮವಾರವಾದ್ದರಿಂದ ಅವರು ಕೆಲಸಕ್ಕೆ ಕೈ ಹಾಕಲಿಲ್ಲ. ಸುಮ್ಮನೆ ಕೂತು ನೋಡುತ್ತಿದ್ದರು.

ಮೊದಲ ಡ್ರಮ್ಮು ಇಳಿಸಿ ಹಬೆಯಾಡುವ ಅರಿಶಿನವನ್ನು ಹರಡುವಾಗ ಅವರು ಅಕ್ಕನನ್ನು ಕೇಳಿದರು. “ಇಷ್ಟೊಂದ್ ಆಳು ಸೋಮಾರ ಎಲ್ಲಿ ಸಿಕ್ಕುದ್ರು ತಾಯಿ? ನಮ್ಗೆ ವಾರ್ವೆಲ್ಲ ಊರೂರ್ ತಿರುಗುದ್ರೂ ಸಿಕ್ಕಲ್ವಲ್ಲ.”

ಅಕ್ಕ ಸೊಂಟದ ಮೇಲಿನ ಬುಟ್ಟಿ ಇಳಿಸದೆಯೇ ಹೇಳಿದಳು. “ಸೋಮಾರ ನೀವ್ಯಾರೂ ಕೂಲಿಗೆ ಕರಿಯಲ್ವಲ್ಲ ಸ್ವಾಮಿ. ಮಿಕ್ಕಿದ್ ದಿನ ನಿಮ್ಮೊಲ್ದಲ್ಲೇ ಇರ್ತೀವಿ. ಸೋಮಾರ ಒಂದಿನ ನಮ್ದು. ನಮ್ಮನೆ ಕೆಲ್ಸ ಏನಿದ್ರೂ ಅವತ್ತೇಯ.”

ಹಿರಿಯರು ಕಣದಲ್ಲಿದ್ದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ, “ಉಟ್ದಾಗ್ಲಿಂದ ಸೋಮಾರ ಮಾಡ್ಕೊಂಡ್ ಬಂದಿವ್ನಿ. ಅವತ್ತು ಆಳುಗೋಳು ಏನ್ ಮಾಡ್ತರೆ ಅಂತ ಒಂದ್ಸಲನೂ ಕೇಳಿಲ್ಲ ನೋಡಿ” ಅಂದರು. ಅವರ ಮುಖದಲ್ಲಿ ನಿಜವಾದ ಗಲಿಬಿಲಿ ಇತ್ತು. ಅದೇ ಗಲಿಬಿಲಿಯಲ್ಲಿ ನನ್ನ ಕಡೆ ತಿರುಗಿದರು. “ನಂಗೇನೋ ಗೊತ್ತಿರ್ನಿಲ್ಲ. ನೀವು ಈ ಮನೇಲೇ ಬೆಳ್ದೋರಲ್ವಾ ಮೇಡಂ? ನಿಮ್ಗೂ ಗೊತ್ತಿರ್ನಿಲ್ವಾ?”

ಸೋಮಾರ ಯಾರೂ ಕೆಲಸ ಮಾಡಲ್ಲ ಎಂದು ಅಕ್ಕನಿಗೆ ಹೇಳಿದವಳು ನಾನೇ. ಅವಳು ಆಗ ಸುಮ್ಮನಾದದ್ದು ಯಾಕೆಂದು ಆ ಕಣದಲ್ಲಿ ನಿಂತಾಗ ತಿಳಿಯಿತು. ಅಕ್ಕ ನನಗಿಂತ ಮೊದಲು ಮಾತಾಡಿದಳು.

“ಅವ್ಳಿಗೆಂಗ್ ಗೊತ್ತಿರ್ತದ ಬುಡಿ ಸ್ವಾಮಿ. ಸೋಮಾರ ಅವ್ಳು ಇಸ್ಕೂಲ್ಗೆ ಓಯ್ತಿದ್ಲು. ಮನೇಲಿದ್ದದ್ದು ನಾನು.”

ನನ್ನನ್ನು ಕಾಪಾಡುವುದಕ್ಕೇ ಹೇಳಿದ ಮಾತು ಅದು. ಅದರಲ್ಲಿ ಕೊಂಕು ಇರಲಿಲ್ಲ. ಹೇಳಿ ಬುಟ್ಟಿ ಸುರಿಯಲು ಹೋದಳು. ಸೋಮವಾರ ಸಾಯಂಕಾಲ ನಾನು ಶಾಲೆಯಿಂದ ಬಂದಾಗ ಗೋಡೆಗೆ ಹೊಸದಾಗಿ ಮಣ್ಣು ಮೆತ್ತಿರುತ್ತಿತ್ತು, ವಾರಕ್ಕಾಗುವಷ್ಟು ಸೌದೆ ಒಟ್ಟಿರುತ್ತಿತ್ತು, ನನ್ನ ಇನ್ನೊಂದು ಯೂನಿಫಾರ್ಮು ಒಗೆದು ಒಣಗಿ ಮಡಿಸಿಟ್ಟಿರುತ್ತಿತ್ತು. ಅದನ್ನೆಲ್ಲ ಯಾರು ಮಾಡಿದರು, ಯಾವಾಗ ಮಾಡಿದರು ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.